ಢಾಕಾ ಮಾಸ್ತರು

ಕಾರವಾರದ ಹತ್ತಿರದ ಚೆಂಡಿಯಾದ ಭೂಮಿ ನೌಕಾನೆಲೆಗೆ ಹೋದಮೇಲೆ ಅಂಕೋಲಾ ಕಡೆಯ ಪುನರ್ವಸತಿ ಕಾಲನಿಗೆ ಬಂದ ಮನೆಗಳಲ್ಲಿ ತುಳಸಿದಾಸ ಮಾಸ್ತರದೂ ಒಂದು. ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರಾಗಿದ್ದ ಅವರನ್ನು ಊರವರು ಕರೆಯುತ್ತಿದ್ದುದು ಢಾಕಾ ಮಾಸ್ತರು ಎಂದು. ೧೯೮೫ರಲ್ಲಿ ಢಾಕಾದಲ್ಲಿ ನಡೆದ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕ್ರೀಡಾಕೂಟದಲ್ಲಿ ಅವರು ಭಾರತದ ಪರವಾಗಿ ಕಬಡ್ಡಿ ಆಡಿದ್ದರೆಂದು ಕಾಲನಿಯ ಚಿಕ್ಕ ಮಕ್ಕಳೂ ಹೇಳುತ್ತಿದ್ದರು.

ಕಾಲನಿಯ ಹಿಂದಿನ ಕಲ್ಲುನೆಲವನ್ನು ಮಾಸ್ತರು ಕಬಡ್ಡಿ ಕಲಿಯಲು ಬರುತ್ತಿದ್ದ ಹುಡುಗಿಯರ ಜೊತೆ ಸೇರಿ ತಾವೇ ಹಸನು ಮಾಡಿ ಕಬಡ್ಡಿ ಅಂಗಳ ಮಾಡಿದ್ದರು. ಆಟ ಮುಗಿದು ಹುಡುಗಿಯರು ನೀರು ಕುಡಿಯುವಾಗ ಆ ಕೂಟದ ಕಥೆ ಶುರುವಾಗುತ್ತಿತ್ತು. ೧೯೮೪ರಲ್ಲಿ ಕಾಠ್ಮಂಡುವಿನಲ್ಲಿ ಮೊದಲ ಕೂಟ. ಏಳು ದೇಶ, ಐದೇ ಆಟ, ಕಬಡ್ಡಿ ಇರಲಿಲ್ಲ. ಮರುವರ್ಷ ಢಾಕಾದಲ್ಲಿ ಕಬಡ್ಡಿ ಬಂತು. ಆಮೇಲೆ ಕಲ್ಕತ್ತಾ, ಇಸ್ಲಾಮಾಬಾದ್, ಕೊಲಂಬೋ. ಒಮ್ಮೆ ಇಸ್ಲಾಮಾಬಾದಿನ ಕೂಟ ಮುಂದೆ ಹೋಗಿ ಹೋಗಿ ೨೦೦೪ಕ್ಕೆ ನಡೆದದ್ದು. ಆ ಸಲ ಅಫ್ಘಾನಿಸ್ತಾನವೂ ಬಂದು ಎಂಟು ದೇಶ ಆದದ್ದು. "ಗಡಿಯಲ್ಲಿ ಜಗಳ ಆದ್ರೂ ಕಬಡ್ಡಿ ಎಲ್ಲಾ ಕಡೆ ಒಂದೇ. ಆ ಕಡೆಯವ್ನೂ ಉಸಿರು ಹಿಡ್ದೇ ಬರ್ಬೇಕು," ಎನ್ನುತ್ತಿದ್ದರು.

ಅವರ ಹುಡುಗಿಯರಲ್ಲಿ ಎಲ್ಲರಿಗಿಂತ ಚುರುಕಾದವಳು ಹೊನ್ನು. ಅಂಕೋಲಾ ಪೇಟೆಯಲ್ಲಿ ಸೊಪ್ಪು ತರಕಾರಿ ಮಾರುವ ಬೀರಿಯ ಮಗಳು. ಅಜ್ಜಿಯ ಹೆಸರಿಟ್ಟಿದ್ದಕ್ಕೆ ಶಾಲೆಯಲ್ಲಿ ನಾಚಿಕೊಳ್ಳುತ್ತಿದ್ದ ಹುಡುಗಿ, ಅಂಗಳಕ್ಕೆ ಇಳಿದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಇಪ್ಪತ್ತನೆಯ ವಯಸ್ಸಿಗೆ ರಾಜ್ಯ ತಂಡ ಸೇರಿದಳು. ೨೦೦೬ರಲ್ಲಿ ಕೊಲಂಬೋ ಕೂಟಕ್ಕೆ ಮೊದಲ ಬಾರಿ ಹೆಂಗಸರ ಕಬಡ್ಡಿಯೂ ಸೇರಿತು. ತಂಡ ಆರಿಸುವ ಶಿಬಿರಕ್ಕೆ ಹೊನ್ನುವಿಗೆ ಕರೆ ಬಂದ ದಿನ ಮಾಸ್ತರು ಬೀರಿಯ ಅಂಗಡಿಯ ಮುಂದೆ ನಿಂತು, ಗಿರಾಕಿಗಳ ಎದುರೇ ಕಣ್ಣೊರೆಸಿಕೊಂಡರು.

ಪಂಚಾಯತಿ ಸದಸ್ಯ ರಾಮನಾಥನಿಗೆ ಅವಸರ ಹೆಚ್ಚು. ಹೊನ್ನು ಶಿಬಿರದಲ್ಲಿರುವಾಗಲೇ "ಕೊಲಂಬೋಗೆ ಹೊರಟ ನಮ್ಮ ಹೆಮ್ಮೆಯ ಹೊನ್ನು" ಎಂದು ಬ್ಯಾನರು ಬರೆಸಿ ಕಾಲನಿಯ ಬಾಯಿಗೆ ಕಟ್ಟಿಸಿಬಿಟ್ಟ.

ಆಗಸ್ಟಿನ ಮೊದಲ ವಾರ ಪಟ್ಟಿ ಬಂತು. ಹನ್ನೆರಡು ಹೆಸರುಗಳಲ್ಲಿ ಹೊನ್ನುವಿನದು ಇರಲಿಲ್ಲ. ಶಿಬಿರ ಬಿಟ್ಟು ಹುಬ್ಬಳ್ಳಿಯಿಂದ ಬಸ್ಸು ಹತ್ತಿದ ಹುಡುಗಿ ಅಂಕೋಲಾಕ್ಕೆ ಬರಲೇ ಇಲ್ಲ; ದಾರಿಯಲ್ಲೇ ಸುಂಕಸಾಳದಲ್ಲಿ ಇಳಿದು ಚಿಕ್ಕಮ್ಮನ ಮನೆ ಸೇರಿದಳು. ಮೂರು ದಿನ ಕಾದು ಬೀರಿ ಮಾಸ್ತರ ಹತ್ತಿರ ಬಂದಳು.

"ನಾ ಹೋಗಿ ಕರ್ದೆ, ಬರೂದಿಲ್ಲ ಅಂತು. ಬ್ಯಾನರಿನ ಸುದ್ದಿ ಯಾರೋ ಹೇಳಿಬಿಟ್ಟಿದ್ರು. ನೀವ್ ಹೇಳಿದ್ರೆ ಕೇಳ್ತದೆ ಮಾಸ್ತರ್ರೆ. ನೀವು ಆಡಿ ಬಂದೋರು."

ಆ ಕೊನೆಯ ಮಾತು ಮಾಸ್ತರಿಗೆ ಚುಚ್ಚಿತು. ಮರುದಿನ ಮಳೆಯಲ್ಲೇ ಸುಂಕಸಾಳಕ್ಕೆ ಹೋದರು. ಹೊನ್ನು ಹಿತ್ತಲ ಕಟ್ಟೆಯ ಮೇಲೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದಳು. ಅವರನ್ನು ಕಂಡು ಎದ್ದಳು, ಮುಖ ಎತ್ತಲಿಲ್ಲ.

"ನೀವ್ ಎಂತಕ್ ಬಂದ್ರಿ ಮಾಸ್ತರ್ರೆ? ನಿಮ್ ಹೆಸರು ಹಾಳ್ ಮಾಡ್ದೆ ನಾನು."

"ಕೂತ್ಕೊ. ನಿನ್ ಹತ್ರ ಒಂದ್ ಮಾತು ಹೇಳೂಕಿತ್ತು." ಮಾಸ್ತರು ಒದ್ದೆ ಕೊಡೆಯನ್ನು ಗೋಡೆಗೆ ಒರಗಿಸಿ ತಾವೂ ಕೂತರು. "ಢಾಕಾಕ್ಕೆ ನಾ ಹೋಗ್ಲೇ ಇಲ್ಲ."

ಹೊನ್ನುವಿಗೆ ಅರ್ಥವಾಗಲಿಲ್ಲ.

"ಶಿಬಿರಕ್ಕೆ ಹೋಗಿದ್ದೆ, ನಿನ್ ಹಾಗೇ. ಪಟ್ಟಿಯಲ್ಲಿ ಹೆಸರು ಬರ್ಲಿಲ್ಲ. ಕಾಲು ಮುರೀಲಿಲ್ಲ, ಯಾರೂ ಮೋಸ ಮಾಡ್ಲಿಲ್ಲ. ನನಗಿಂತ ಚಲೋ ಆಡೋರು ಇದ್ರು, ಅಷ್ಟೇ. ಮನೆಗೆ ಬರೂಕೆ ನಾಚಿಕೆಯಾಗಿ ಒಂದು ತಿಂಗಳು ಗೆಳೆಯನ ಮನೇಲಿದ್ದೆ. ಅಷ್ಟರಲ್ಲಿ ಢಾಕಾ ಕೂಟ ಮುಗ್ದಿತ್ತು, ಬರೂ ದಿನ ಮಾತ್ರ ಮನೆಗೆ ಬರ್ದಿದ್ದೆ. ಶಿಬಿರದಲ್ಲಿ ಕೊಟ್ಟ ನೀಲಿ ಬಟ್ಟೆ ಹಾಕ್ಕೊಂಡು ಕಾರವಾರದಲ್ಲಿ ಬಸ್ ಇಳಿದ್ರೆ, ಢಾಕಾದಿಂದ ಬಂದೆ ಅಂತ ನಮ್ಮೂರ ಜನ ಹಾರ ಹಿಡ್ಕೊಂಡು ನಿಂತಿದ್ರು. ಹೋಗ್ಲಿಲ್ಲ ಅಂತ ಹೇಳೂಕೆ ಬಾಯಿ ಬರ್ಲಿಲ್ಲ. ನಾಳೆ ಹೇಳ್ತೆ, ನಾಡಿದ್ದು ಹೇಳ್ತೆ ಅಂತ ಇಪ್ಪತ್ತು ವರ್ಷ ಆಯ್ತು. ಕೂಟದ ಕಥೆ ಅಷ್ಟೆಲ್ಲ ನಾ ಕಲ್ತದ್ದು ರೇಡಿಯೋ ಕೇಳಿ, ಪೇಪರ್ ಓದಿ. ಯಾರಾದ್ರೂ ನನ್ನ ಆಟದ ಬಗ್ಗೆ ಕೇಳಿಬಿಟ್ಟಾರು ಅಂತ ಬೇರೆ ಎಲ್ಲಾ ಹೇಳ್ತಿದ್ದೆ."

ಹೊನ್ನುವಿಗೆ ಮೊದಲು ಬಂದದ್ದು ಸಿಟ್ಟು. "ನಿಮ್ಮನ್ನ ನೋಡಿ ನಾ ಆಡೂಕೆ ಬಂದದ್ದು. ನಂಗೂ ಸುಳ್ಳು ಹೇಳಿದ್ರಿ," ಎಂದಳು. ಮಾಸ್ತರು ಹೌದೆಂದು ತಲೆಯಾಡಿಸಿದರು. ಕ್ಷಮಿಸು ಎಂದೂ ಅನ್ನಲಿಲ್ಲ. ಚಿಕ್ಕಮ್ಮ ತಂದಿಟ್ಟ ಚಾ ಇಬ್ಬರ ಮುಂದೆಯೂ ಆರಿತು. ಹೊರಡುವಾಗ ಮಾತ್ರ ಹೇಳಿದರು: "ಹದಿನೈದನೇ ತಾರೀಕು ಝಂಡಾ ಹಾರಿಸೂಕೆ ನನ್ನೇ ಕರ್ದಿದ್ದಾರೆ. ಅಲ್ಲಿ ಎಲ್ರೆದುರು ಹೇಳ್ತೆ. ನೀ ಬಂದ್ರೆ ನಂಗೆ ಧೈರ್ಯ."

ಆಗಸ್ಟ್ ಹದಿನೈದಕ್ಕೆ ಹೊನ್ನು ಬೆಳಗಿನ ಮೊದಲ ಬಸ್ಸಿಗೆ ಬಂದಳು. ಬ್ಯಾನರಿನ ಕೆಳಗೆ ತಲೆ ತಗ್ಗಿಸಿ ದಾಟಿ, ತಾಯಿಯ ಪಕ್ಕದಲ್ಲಿ ನಿಂತಳು. ಝಂಡಾ ಏರಿತು, ಮಕ್ಕಳು ಹಾಡಿದರು. ಮಾಸ್ತರು ಮೈಕು ಹಿಡಿದು, ಸುಂಕಸಾಳದಲ್ಲಿ ಹೇಳಿದ್ದನ್ನೇ ಒಂದೂ ಬಿಡದೆ ಹೇಳಿದರು. "ಹೊನ್ನು ಸೋತಲ್ಲೇ ನಾನೂ ಸೋತದ್ದು. ನಾ ಬಚ್ಚಿಟ್ಟೆ. ಅವಳು ಬಚ್ಚಿಡೂದು ಬೇಡ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹತ್ತು ಸಭೆಗಳಲ್ಲಿ ಅವರಿಗೆ ಶಾಲು ಹೊದಿಸಿದ್ದ ರಾಮನಾಥ ಮಿಠಾಯಿಯ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿ ನಡೆದುಬಿಟ್ಟ. ಒಂದಿಬ್ಬರು ಅವನ ಹಿಂದೆ ಹೋದರು. ಮಾಸ್ತರು ಮೈಕು ಹಿಡಿದುಕೊಂಡೇ ನಿಂತಿದ್ದರು, ಎಲ್ಲಿಡಬೇಕೆಂದು ತಿಳಿಯದವರಂತೆ. ಬೀರಿ ಮುಂದೆ ಹೋಗಿ ಅದನ್ನು ಅವರ ಕೈಯಿಂದ ತೆಗೆದುಕೊಂಡಳು.

"ಸುಳ್ಳು ಹೇಳಿದ್ದು ತಪ್ಪೇ ಮಾಸ್ತರ್ರೆ," ಎಂದಳು. ಮೈಕಿನಲ್ಲಿ ಆ ಮಾತು ಕಾಲನಿಗೆಲ್ಲ ಕೇಳಿತು. "ಆದ್ರೆ ನಮ್ ಹುಡ್ಗೀರಿಗೆ ಕಲ್ಸಿದ್ದು ಸುಳ್ಳಲ್ಲ. ಮಿಠಾಯಿ ಹಂಚಿ, ಮಕ್ಕಳು ಕಾಯ್ತಿದ್ದಾವೆ."

ಹೊನ್ನುವೇ ಪೆಟ್ಟಿಗೆ ಬಿಚ್ಚಿ ಹಂಚಿದಳು. ಎಲ್ಲರಿಗಿಂತ ಕೊನೆಗೆ ಮಾಸ್ತರಿಗೆ ಕೊಟ್ಟಳು, ಆದರೆ ಎರಡು ಕೊಟ್ಟಳು.

ಕೊಲಂಬೋದಲ್ಲಿ ಭಾರತದ ಹೆಂಗಸರು ಚಿನ್ನ ಗೆದ್ದ ಸುದ್ದಿಯಿದ್ದ ಪೇಪರನ್ನು ಹೊನ್ನು ಮಾಸ್ತರ ಮನೆಗೆ ತಂದಳು. ಜಗಲಿಯಲ್ಲಿ ಕೂತು ಜೋರಾಗಿ ಓದಿ ಹೇಳಿದಳು. ತಂಡದಲ್ಲಿದ್ದ ಒಬ್ಬಳು ಶಿಬಿರದಲ್ಲಿ ತನ್ನ ಪಕ್ಕದ ಮಂಚದವಳು, ಕನಸಿನಲ್ಲೂ ರೇಡ್ ಮಾಡಿ ಗೋಡೆಗೆ ಒದೆಯುತ್ತಿದ್ದಳು ಎಂದು ಹೇಳುವಾಗ ಅವಳಿಗೆ ನಗು ತಡೆಯಲಾಗಲಿಲ್ಲ.

"ಹೊಟ್ಟೆಕಿಚ್ಚು ಆಗ್ತದಾ?" ಮಾಸ್ತರು ಕೇಳಿದರು.

"ಆಗ್ತದೆ. ಸಂತೋಷವೂ ಆಗ್ತದೆ. ಎರಡೂ ಒಟ್ಟಿಗೇ ಆಗ್ತದೆ ಮಾಸ್ತರ್ರೆ."

"ನಂಗೂ ಹಾಗೇ ಆಗಿತ್ತು," ಎಂದರು ಮಾಸ್ತರು. ಆ ಮಾತನ್ನು ಅವರು ಇಪ್ಪತ್ತು ವರ್ಷಗಳಲ್ಲಿ ಯಾರ ಹತ್ತಿರವೂ ಆಡಿರಲಿಲ್ಲ.

ರಾಮನಾಥ ದೀಪಾವಳಿಯವರೆಗೂ ಮಾತು ಬಿಟ್ಟಿದ್ದ. ಆಮೇಲೆ ತನ್ನ ಮಗಳನ್ನು ಕಬಡ್ಡಿಗೆ ಸೇರಿಸಲು ಬಂದ. ಮಾಸ್ತರ ಹತ್ತಿರ ಅಲ್ಲ, ಹೊನ್ನುವಿನ ಹತ್ತಿರ. ಅಷ್ಟರಲ್ಲಿ ಅವಳು ಕಾರವಾರದಲ್ಲಿ ದೈಹಿಕ ಶಿಕ್ಷಣದ ಕೋರ್ಸಿಗೆ ಸೇರಿ, ಸಂಜೆಯ ಬಸ್ಸಿಗೆ ಬಂದು ಹುಡುಗಿಯರಿಗೆ ಕಲಿಸುತ್ತಿದ್ದಳು. "ಕಾಲು ಹಿಡಿಯೂದು ಕಲೀಬೇಕಾದ್ರೆ ಅವ್ರ ಹತ್ರ ಹೋಗ್ಬೇಕು, ನಂಗೆ ಅಷ್ಟು ಬರೂದಿಲ್ಲ," ಎಂದು ಅವಳು ಮಾಸ್ತರ ಕಡೆ ಕೈ ತೋರಿಸಿದಳು. ರಾಮನಾಥ ಸ್ವಲ್ಪ ಹೊತ್ತು ಅಲ್ಲೇ ನಿಂತ. ಆಮೇಲೆ ಮಗಳ ಕೈ ಹಿಡಿದು ಆ ಕಡೆ ನಡೆದ.