ಬೋರ್ಡಿನ ಮೇಲಿನ ಗೆರೆ

"ಇನ್ನೊಂದು ಚೊಂಬು ಹಾಕು" ಎಂದು ಅವಳು ಗಂಡನ ಬಲಗೈಯನ್ನು ತೊಡೆಯ ಮೇಲೆಳೆದುಕೊಂಡು ಒದ್ದೆ ಬಟ್ಟೆಯಿಂದ ತಿಕ್ಕಿದಳು. ಮೈಯೆಲ್ಲ ತೊಳೆದಾಗಿತ್ತು. ಉಳಿದದ್ದು ಈ ಬೆರಳುಗಳು. ಉಗುರಿನ ಸಂದಿಯಲ್ಲಿ, ಚರ್ಮದ ಬಿರುಕುಗಳಲ್ಲಿ ಸೀಮೆಸುಣ್ಣ ಕೂತುಬಿಟ್ಟಿತ್ತು. ಇಪ್ಪತ್ತು ವರ್ಷದ ಸೀಮೆಸುಣ್ಣ ಒಂದು ಚೊಂಬು ನೀರಿಗೆ ಹೋಗುತ್ತದೆಯೇ?

ಎದುರು ಮನೆಯಾಕೆ ನೀರು ಹಾಕಿದಳು. ಹಾಕಿ, ಆಚೆ ಈಚೆ ನೋಡಿ ದನಿ ತಗ್ಗಿಸಿದಳು.

"ಅಕ್ಕಾ, ಕೊನೇಲಿ ಅಣ್ಣ ಏನಾದ್ರೂ ಹೇಳಿದ್ರಾ?"

"ಏನು ಹೇಳ್ಬೇಕಿತ್ತು? ಆಸ್ಪತ್ರೆ ಬಾಗಿಲಿಗೆ ಹೋಗೋಷ್ಟರಲ್ಲಿ ಉಸಿರು ನಿಂತಿತ್ತು."

"ಅಲ್ಲಾ... ಚಿನ್ನದ ವಿಷಯ. ಇನ್ನೂ ಇಳಿಯುತ್ತೋ, ಏರುತ್ತೋ ಅಂತ."

ಬಟ್ಟೆ ಹಿಡಿದ ಕೈ ನಿಂತಿತು.

"ಏನಂದೆ?"

"ಬೇಜಾರು ಮಾಡ್ಕೋಬೇಡಿ ಅಕ್ಕಾ. ನಿನ್ನೆ ಅಂಗಡಿ ರೇಟು ಬೋರ್ಡಲ್ಲಿ ಎರಡು ಅಂಕಿ ಬರೆದು, ಆಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಿದ್ದಾರಂತಲ್ಲ, ಕೆಳಗಿನ ಕಟ್ಟಿನ ತನಕ. ಗಲ್ಲಿಯವರೆಲ್ಲ ಹೋಗಿ ನೋಡ್ಕೊಂಡು ಬಂದ್ರು. ಕೆಳಕ್ಕೆ ಎಳೆದಿದ್ದಾರೆ ಅಂದ್ರೆ ಇನ್ನೂ ಇಳಿಯುತ್ತೆ ಅಂತ ಹೇಳಿ ಹೋಗಿದ್ದಾರೆ, ಅಂತ ನಮ್ಮನೆಯವ್ರು..."

"ಅದು ನನ್ನ ಗಂಡ ಬಿದ್ದ ಗುರುತು ಕಣೇ!" ಅವಳ ಕೂಗಿಗೆ ಹೊರಗಿನ ಮಾತೂ ನಿಂತಿತು. "ಎದೆ ಹಿಡ್ಕೊಂಡು ಸ್ಟೂಲಿಂದ ಕೆಳಗೆ ಬೀಳೋವಾಗ ಕೈಯಲ್ಲಿದ್ದ ಸೀಮೆಸುಣ್ಣ ಎಳೆದ ಗೆರೆ ಅದು! ಅದರಲ್ಲೂ ನಿಮಗೆ ರೇಟು ಕಾಣುತ್ತಾ? ಇಡು ಚೊಂಬು. ಎದ್ದು ಹೋಗು ಇಲ್ಲಿಂದ."

ಆಕೆ ಚೊಂಬನ್ನು ಒಂದು ತೊಟ್ಟೂ ಚೆಲ್ಲದಂತೆ ಕೆಳಗಿಟ್ಟು ಹೋದಳು. ಇಂಥದ್ದರಲ್ಲೆಲ್ಲ ಆಕೆ ಬಲು ಜೋಪಾನ.

*

ಆತ ಮೇಲಿನ ರಸ್ತೆಯ ಚಿನ್ನದಂಗಡಿಯಲ್ಲಿ ಷಟರ್ ಎತ್ತುವವನು, ಕಸ ಹೊಡೆಯುವವನು, ಗಿರಾಕಿಗಳಿಗೆ ನೀರು ಕೊಡುವವನು. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ದಿನದ ದರದ ಬೋರ್ಡು ಬರೆಯುವ ಕೆಲಸವೂ ಕೊರಳಿಗೆ ಬಿತ್ತು. ಬೆಳಿಗ್ಗೆ ಯಜಮಾನನಿಗೆ ಫೋನ್ ಬರುತ್ತಿತ್ತು. ಯಜಮಾನ ಒಳಗಿನಿಂದ ಅಂಕಿ ಕೂಗುತ್ತಿದ್ದ. ಈತ ಸ್ಟೂಲ್ ಹತ್ತಿ ಬರೆಯುತ್ತಿದ್ದ. ಅಷ್ಟೇ. ಬೇರೆ ಅಂಗಡಿಗಳಲ್ಲಿ ಕೆಂಪು ದೀಪದ ಅಂಕಿಗಳು ಬಂದವು. "ಕೈಬರಹ ಕಂಡ್ರೆ ಜನಕ್ಕೆ ನಂಬಿಕೆ ಜಾಸ್ತಿ" ಎಂದ ಯಜಮಾನ. ನಂಬಿಕೆ ದೀಪಕ್ಕಿಂತ ಅಗ್ಗವಾಗಿತ್ತು.

ಗಲ್ಲಿಯಲ್ಲಿ ಅವನ ಹೆಸರೇ ಬೋರ್ಡಣ್ಣ ಎಂದಾಯಿತು. ಸಂಜೆ ಮೆಟ್ಟಿಲಿಳಿದು ಬರುವಾಗ ಮನೆಮನೆಯ ಬಾಗಿಲಲ್ಲೂ ಒಂದೇ ಪ್ರಶ್ನೆ.

"ಏನ್ ಬೋರ್ಡಣ್ಣಾ, ನಾಳೆ ಹೇಗೆ?"

"ನನಗೇನಪ್ಪಾ ಗೊತ್ತು? ಅವರು ಕೂಗ್ತಾರೆ, ನಾನು ಬರೀತೀನಿ."

"ನೋಡಿದ್ರಾ, ಬಾಯೇ ಬಿಡಲ್ಲ ಆಸಾಮಿ!"

ಗೊತ್ತಿಲ್ಲ ಎಂದಷ್ಟೂ ಅವನಿಗೆ ಎಲ್ಲ ಗೊತ್ತಿದೆ ಎಂದೇ ಜನ ತಿಳಿದರು. ಆತ ಕೆಮ್ಮಿದರೆ ಚಿನ್ನ ಇಳಿಯುತ್ತದೆ, ಶಿಳ್ಳೆ ಹಾಕಿಕೊಂಡು ಬಂದರೆ ಏರುತ್ತದೆ. ಕೆಮ್ಮಿಗೆ ಕಾರಣ ಸೀಮೆಸುಣ್ಣದ ಧೂಳು ಎಂದು ಅವಳೊಬ್ಬಳಿಗೆ ಗೊತ್ತಿತ್ತು. ಒಂದು ದಿನ ಊಟದ ಡಬ್ಬಿ ಕೊಡಲು ಹೋದಾಗ ಆತ ಹಳೇ ಕಾಲುಚೀಲದಿಂದ ಬೋರ್ಡು ಒರೆಸುತ್ತಿದ್ದ. ಮುಖ, ಹುಬ್ಬು ಎಲ್ಲ ಬಿಳಿ.

"ಒದ್ದೆ ಬಟ್ಟೇಲಿ ಒರೆಸ್ಬಾರದೇನ್ರೀ? ಧೂಳೆಲ್ಲ ಹೊಟ್ಟೆಗೆ ಹೋಗ್ತಿದೆ."

"ಒದ್ದೇದ್ರಲ್ಲಿ ಒರೆಸಿದ್ರೆ ಅಳಿಸಿದ ಹಾಗೆ ಕಾಣುತ್ತೆ ಕಣೇ. ಒಣಗಿದ ಮೇಲೆ ಹಳೇ ರೇಟು ವಾಪಸ್ ಬಂದು ಕೂರುತ್ತೆ. ಥೇಟ್ ನಿನ್ನ ಸಿಟ್ಟಿನ ಹಾಗೆ."

"ನನ್ನ ಸಿಟ್ಟಿಲ್ಲದಿದ್ರೆ ನಿಮ್ಮನ್ನ ಈ ಜನ ಹುರಿದು ತಿಂದುಬಿಡ್ತಿದ್ರು."

"ಅದೂ ನಿಜವೇ" ಎಂದು ಆತ ನಕ್ಕಿದ್ದ.

*

ಅವಳು ಹೊರಗೆ ಬಂದಾಗ ಗಂಡನನ್ನು ಮಲಗಿಸಿದ ಪೆಟ್ಟಿಗೆ ಎರಡು ಬೆಂಚುಗಳ ಮೇಲಿತ್ತು. ತಲೆಯ ಕಡೆ ಅಳಿಯ ಒಬ್ಬನೇ ನಿಂತಿದ್ದ. ಮಗಳು ಅಂಥ ಸೆಕೆಯಲ್ಲೂ ಕುತ್ತಿಗೆಗೆ ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡಿದ್ದಳು. ಒಳಗೆ ಅಪ್ಪ ಮದುವೆಗೆ ತಂದ ಚಿನ್ನದ ಸರವಿತ್ತು. ಮಿಕ್ಕ ಗಂಡಸರೆಲ್ಲ ಗೋಡೆಯ ನೆರಳಿಗೆ ಸೇರಿ, ಒಂದು ಫೋನಿನ ಮೇಲೆ ನಾಲ್ಕು ತಲೆ ಬಗ್ಗಿಸಿದ್ದರು.

"ಮಾರಿಬಿಡೋದೇ ವಾಸಿ. ಕಾಯ್ತಾ ಕೂತ್ರೆ ಕಬ್ಬಿಣದ ರೇಟಿಗೆ ಬರುತ್ತೆ" ಎಂದ ಎದುರು ಮನೆಯಾತ.

"ಈಗ ಮಾರಿದ್ರೆ ನಿಜವಾದ ನಷ್ಟ. ಇಟ್ಕೊಂಡ್ರೆ ಲೆಕ್ಕದಲ್ಲಿ ಮಾತ್ರ ನಷ್ಟ" ಎಂದ ಅವಳ ಮೈದುನ, ಸತ್ತವನ ಒಡಹುಟ್ಟಿದ ತಮ್ಮ.

"ಹಾಗಾದ್ರೆ ಮಗಳ ಸ್ಕೂಲ್ ಫೀಸೂ ಲೆಕ್ಕದಲ್ಲೇ ಕಟ್ತೀಯೇನಪ್ಪಾ?" ಎಂದ ದರ್ಜಿ. ಹೊಸ ಹೊಲಿಗೆ ಮಷಿನಿಗೆ ಕೂಡಿಟ್ಟ ದುಡ್ಡನ್ನು ಚಿನ್ನಕ್ಕೆ ಹಾಕಿ, ಹಳೇ ಮಷಿನಿಗೆ ದಾರ ಕಟ್ಟಿ ಓಡಿಸುತ್ತಿದ್ದವನು.

"ನಮ್ಮಜ್ಜಿ ಹೇಳ್ತಿದ್ಲು, ಚಿನ್ನ ಯಾವತ್ತೂ ಕೈಬಿಡಲ್ಲ ಅಂತ."

"ನಿಮ್ಮಜ್ಜಿ ಸಾಯೋ ತನಕ ಒಂದು ಗುಲಗಂಜಿ ತೂಕ ಮಾರಲಿಲ್ಲ. ಮಾರದೇ ಇದ್ದೋರಿಗೆ ಏರಿದ್ರೇನು, ಇಳಿದ್ರೇನು?"

"ಹೊತ್ತಾಯ್ತು" ಎಂದಳು ಅವಳು. "ವ್ಯಾನು ಮೇಲಿನ ರಸ್ತೆಯಲ್ಲಿ ಕಾಯ್ತಿದೆ. ಎತ್ತಿ."

ಗಲ್ಲಿಯೆಂದರೆ ಬರೀ ಮೆಟ್ಟಿಲು. ವ್ಯಾನಿನ ತನಕ ಹೆಗಲ ಮೇಲೇ ಹೋಗಬೇಕು. ಯಾರೂ ಅಲುಗಾಡಲಿಲ್ಲ. ಒಬ್ಬ ಚಪ್ಪಲಿ ನೋಡಿಕೊಂಡ, ಇನ್ನೊಬ್ಬ ಫೋನು. ಮೈದುನ ಮಾತ್ರ ನೇರ ನೋಡಿದ.

"ನಾನು ಹೆಗಲು ಕೊಡಲ್ಲ ಅತ್ತಿಗೆ. ಇವರೂ ಕೊಡಲ್ಲ. ಅಣ್ಣ ನಮ್ಮ ಹೊಟ್ಟೆ ಮೇಲೆ ಹೊಡೆದ."

"ಏನು ಮಾಡಿದ್ರಪ್ಪಾ ನಿಮಗೆ?"

"ತಾನು ತಗೊಂಡ. ತಗೊಂಡು ನಮಗೆಲ್ಲ ತೋರಿಸಿದ. ಅದನ್ನ ನಂಬಿ ಸ್ವಂತ ಆಟೊ ಮಾರಿ ಚಿನ್ನಕ್ಕೆ ಹಾಕಿ ಕೂತಿದ್ದೀನಿ. ಈಗ ಅದೇ ಆಟೊ ಬೇರೆಯವರ ಹತ್ರ ಬಾಡಿಗೆಗೆ ತಗೊಂಡು ಓಡಿಸ್ತೀನಿ. ಗೊತ್ತಾ?"

*

ಗೊತ್ತಿಲ್ಲದೆ ಏನು! ಮಗಳ ಮದುವೆ ಗೊತ್ತಾದಾಗ ಚಿನ್ನ ಹಿಂದೆಂದೂ ಇಲ್ಲದಷ್ಟು ಮೇಲೇರಿ ಕೂತಿತ್ತು. "ಸ್ವಲ್ಪ ಇಳಿದ ಮೇಲೆ ತಗೊಳ್ಳೋಣ್ವಾ?" ಎಂದಿದ್ದಳು. "ಮದುವೆ ರೇಟು ನೋಡ್ಕೊಂಡು ನಿಲ್ಲುತ್ತೇನೇ?" ಎಂದ. ಸಂಜೆ ಸರ ತಂದ. ಮುಚ್ಚಳ ತೆರೆದ ಡಬ್ಬಿಯನ್ನು ತುಂಬಿದ ಹಾಲಿನ ಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದ. ಹಿಂದೆ ಅರ್ಧ ಗಲ್ಲಿ.

"ಏನ್ರೀ ಇದು, ಮೆರವಣಿಗೆನಾ? ಒಂದು ಚೀಲ ಸಿಗಲಿಲ್ವಾ?"

"ಯಜಮಾನ್ರು ಕೊಡಲಿಲ್ಲ ಕಣೇ. ಚೀಲ ಬೇಡ, ಮುಚ್ಚಳ ಮುಚ್ಚಬೇಡ, ನಿನ್ನ ಮಗಳ ಸರ, ನಾಲ್ಕು ಜನ ನೋಡ್ಲಿ ಅಂದ್ರು. ಎಷ್ಟಾದ್ರೂ ಒಳ್ಳೇ ಮನುಷ್ಯ."

ಇಪ್ಪತ್ತು ವರ್ಷ ಬೇರೆಯವರ ಚಿನ್ನದ ಗಾಜು ಒರೆಸಿದವನು ಅವತ್ತು ಒಂದು ಸಲ ತನ್ನ ಕೈಯಲ್ಲಿ ಹಿಡಿದಿದ್ದ. ಆ ಮುಖ ನೋಡಿ ಅವಳೂ ಬಾಯಿ ಮುಚ್ಚಿಕೊಂಡಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಬೋರ್ಡಿನವನೇ ಕೊಂಡನೆಂದರೆ ಮುಂದೆ ದರ ಆಕಾಶಕ್ಕೇ ಏರುತ್ತದೆ ಎಂದು, ಮಾರನೇ ಬೆಳಿಗ್ಗೆ ಷಟರ್ ಎತ್ತುವ ಮುಂಚೆಯೇ ಗಲ್ಲಿಗೆ ಗಲ್ಲಿಯೇ ಅಂಗಡಿ ಮುಂದೆ ನಿಂತಿತ್ತು. "ಬೇಡ್ವೋ, ಆಟೊ ಮಾರ್ಬೇಡ್ವೋ" ಎಂದು ಆತ ತಮ್ಮನ ತೋಳು ಹಿಡಿದನಂತೆ. "ನಿನಗೆ ಮಾತ್ರ ಸಾಕಾ?" ಎಂದು ತಮ್ಮ ಕೈ ಕೊಡವಿದನಂತೆ. ಯಜಮಾನ ಒಳಗಿನಿಂದ, "ಏಯ್, ಎಲ್ಲರಿಗೂ ನೀರು ಕೊಡೋ" ಎಂದು ಕೂಗಿದನಂತೆ.

ಆಮೇಲೆ ಇಳಿಯತೊಡಗಿತು. ಇಳಿದದ್ದನ್ನು ದಿನಾ ಬೆಳಿಗ್ಗೆ ಅವನ ಕೈಯೇ ಬರೆಯಬೇಕು. ಇಳಿಸಿದವನು ಇವನೇ ಎಂಬಂತೆ ಜನ ನೋಡಿದರು. ಆತ ಮೆಟ್ಟಿಲು ಬಿಟ್ಟು ಚರಂಡಿ ಪಕ್ಕದ ದಾರಿಯಿಂದ ಮನೆಗೆ ಬರಲು ಕಲಿತ. ಒಂದು ಸಂಜೆ ಅಂಗಿಯ ಬೆನ್ನ ಮೇಲೆ ಏನೋ ಒಣಗಿತ್ತು. "ಕಾಗೆ ಕಣೇ" ಎಂದ. ಕಾಗೆಯ ಹಿಕ್ಕೆ ಯಾವುದು, ಮನುಷ್ಯರ ಉಗುಳು ಯಾವುದು ಎಂದು ಬಟ್ಟೆ ಒಗೆಯುವವಳಿಗೆ ತಿಳಿಯದೇ?

*

"ಯಜಮಾನ್ರು ಬಂದ್ರು!" ಎಂದರು ಯಾರೋ.

ಅಂಗಡಿ ಯಜಮಾನ ಹೂವಿನ ಹಾರ ಹಿಡಿದು, ಮೆಟ್ಟಿಲಲ್ಲಿ ಷೂ ಕೊಳೆಯಾಗದಂತೆ ಇಳಿದು ಬಂದ. ಹಾರವನ್ನು ಪೆಟ್ಟಿಗೆಯ ಮೇಲಿಟ್ಟು, "ಪಾಪ, ನಂಬಿಕಸ್ಥ" ಎಂದ. ಹೆಣದ ಹತ್ತಿರ ಬಾರದಿದ್ದ ಗಂಡಸರು ಈಗ ಅವನ ಸುತ್ತ ಗುಂಪುಕಟ್ಟಿದರು.

"ಯಜಮಾನ್ರೇ, ಮುಂದೆ ಏನು ಗತಿ?"

"ಇಟ್ಕೊಳ್ಳೋದಾ, ಕೊಟ್ಬಿಡೋದಾ?"

ಯಜಮಾನ ದನಿ ತಗ್ಗಿಸಿದ. ಸಾವಿನ ಮನೆ ಎಂದು ಅಷ್ಟು ಮರ್ಯಾದೆ ಇತ್ತು. "ಹೆದರ್ತೀರಾ? ಚಿನ್ನ ಅಂದ್ರೆ ಚಿನ್ನ ಕಣ್ರಪ್ಪಾ. ಇಳಿದಾಗ ಮಾರೋನು ದಡ್ಡ, ಇಳಿದಾಗ ತಗೊಳ್ಳೋನು ಜಾಣ. ಈಗ ಇನ್ನೊಂದಿಷ್ಟು ಸೇರಿಸಿದ್ರೆ ಹಳೇ ನಷ್ಟಾನೂ ಸರಿಹೋಗುತ್ತೆ. ನಾಳೆ ಬೆಳಿಗ್ಗೆ ಬನ್ನಿ. ನಮ್ಮ ಹುಡುಗನ ಗಲ್ಲಿಯವರು ನೀವು, ಮಜೂರಿ ಬಿಟ್ಟು ಕೊಡ್ತೀನಿ."

ಅವಳ ಮುಷ್ಟಿಯಲ್ಲಿ ಆ ಒದ್ದೆ ಬಟ್ಟೆ ಇನ್ನೂ ಇತ್ತು. ಹಿಂಡಿದ್ದಕ್ಕೆ ನೀರು ಪಾದದ ಮೇಲೆ ತೊಟ್ಟಿಕ್ಕಿತು. ಇಷ್ಟು ದಿನ ಕಣ್ಣ ಮುಂದೆಯೇ ಬಿದ್ದಿದ್ದ ಒಂದು ಮಾತು ಈಗ ಎದ್ದು ನಿಂತಿತು.

"ಯಜಮಾನ್ರೇ, ಅವತ್ತು ಚೀಲ ಯಾಕೆ ಕೊಡಲಿಲ್ಲ?"

"ಯಾವ ಚೀಲ ಅಮ್ಮಾ?"

"ನನ್ನ ಮಗಳ ಸರಕ್ಕೆ. ಒಂದು ಮೂಗುಬಟ್ಟು ತಗೊಂಡೋರಿಗೂ ಕೆಂಪು ಚೀಲದಲ್ಲಿ ಹಾಕಿ ಕೊಡ್ತೀರಿ. ಆ ಚೀಲ ಮಡಿಸಿ ಜೋಡಿಸಿ ಇಡ್ತಿದ್ದೋರು ನನ್ನ ಗಂಡ. ಅವರಿಗೆ ಮಾತ್ರ ಚೀಲ ಇಲ್ಲ. ಮುಚ್ಚಳ ಮುಚ್ಚಬೇಡ, ಗಲ್ಲಿ ಉದ್ದಕ್ಕೂ ತೋರಿಸ್ಕೊಂಡು ಹೋಗು. ಯಾಕೆ?"

"ಅಯ್ಯೋ, ಪ್ರೀತಿಗೆ ಹೇಳಿದ್ದು ಅಮ್ಮಾ. ದುಃಖದಲ್ಲಿದ್ದೀರಿ, ನೀವು..."

"ದುಃಖದಲ್ಲಿಲ್ಲ ನಾನು. ಸಿಟ್ಟಲ್ಲಿದ್ದೀನಿ. ಕಸ ಹೊಡೆಯೋದಕ್ಕೆ ಸಂಬಳ ಕೊಟ್ರಿ, ಬೋರ್ಡು ಬರೆಯೋದನ್ನ ಬಿಟ್ಟಿ ಮಾಡಿಸ್ಕೊಂಡ್ರಿ. ಕೊನೆಗೆ ಅವರನ್ನೇ ಬೋರ್ಡು ಮಾಡಿ ಬೀದೀಲಿ ನಡೆಸಿದ್ರಿ!"

ದರ್ಜಿ ನಿಧಾನವಾಗಿ, ಯಾರಿಗೂ ಅಲ್ಲವೆಂಬಂತೆ ಹೇಳಿದ: "ಮಾರನೇ ದಿನ ನಾವು ಒಳಗೆ ಹೋದಾಗ ಹೊಸಾ ಕುರ್ಚಿ ಸಾಲಾಗಿ ಹಾಕಿಸಿದ್ರು. ಬಾಡಿಗೆ ಕುರ್ಚಿ. ಇದ್ಯಾರ ಮದುವೆಗಪ್ಪಾ ಅಂತ ನಾನೇ ತಮಾಷೆ ಮಾಡಿದ್ದೆ. ನಾವು ಬರ್ತೀವಿ ಅಂತ ಇವರಿಗೆ ಹೇಗೆ ಗೊತ್ತಿತ್ತು?"

ಯಜಮಾನ ಗಡಿಯಾರ ನೋಡಿಕೊಂಡ. "ಇನ್ನೊಂದು ಸಲ ಮಾತಾಡೋಣ" ಎಂದ. ಬರುವಾಗ ಕೊಳೆಗೆ ಹೆದರಿದ್ದ ಷೂ ಹೋಗುವಾಗ ಎರಡೆರಡು ಮೆಟ್ಟಿಲು ಹಾರಿತು. ಅವಳು ಹಾರವನ್ನು ಪೆಟ್ಟಿಗೆಯಿಂದ ಎತ್ತಿ ಚರಂಡಿಯತ್ತ ಎಸೆದು, ಅಳಿಯನ ಎದುರು ಬದಿಗೆ ಹೋಗಿ ತನ್ನ ಹೆಗಲು ಕೊಟ್ಟಳು.

"ಅತ್ತೆ, ನೀವು ಬೇಡ..."

"ಮತ್ಯಾರಿದ್ದಾರೆ? ಎತ್ತು."

ಒಂದು ತುದಿ ಮೇಲೆದ್ದಿತು. ಇನ್ನೊಂದು ತುದಿ ಬೆಂಚಿನ ಮೇಲೆ ಕರ್ರೆಂದಿತು. ಮೊದಲು ಬಂದವನು ದರ್ಜಿ. ಅವನ ಹಿಂದೆ ಎದುರು ಮನೆಯಾತ. ಮೈದುನ ಗೋಡೆಯ ಬುಡದಲ್ಲಿ ಕೂತುಬಿಟ್ಟಿದ್ದ. ಅತ್ತಿಗೆ ಭಾರಕ್ಕೆ ಹೆಗಲು ಬದಲಿಸುವುದನ್ನು ನೋಡುತ್ತಿದ್ದ.

"ಸಿಟ್ಟಿದ್ರೆ ನಾಳೆ ಹೋಗಿ ಆ ಅಂಗಡಿ ಬಾಗಿಲಿಗೆ ಉಗಿಯೋ. ನಾನೂ ಬರ್ತೀನಿ" ಎಂದಳು, ಏದುಸಿರಲ್ಲಿ. "ಇವತ್ತು ಅಣ್ಣನನ್ನ ಹೊರು."

ಅವನು ಎದ್ದು ಬಂದ. ಅವಳ ಹೆಗಲ ಕೆಳಗೆ ತನ್ನ ಹೆಗಲು ತೂರಿಸಿ ಅವಳನ್ನು ಬಿಡಿಸಿದ.

"ಆದ್ರೂ ನನ್ನ ಆಟೊ ಹೋಯ್ತಲ್ಲ ಅತ್ತಿಗೆ."

"ಹೋಯ್ತು ಕಣಪ್ಪಾ. ನಡಿ."

*

ಮೆಟ್ಟಿಲು ಹತ್ತಿ ರಸ್ತೆಗೆ ಬರುವಷ್ಟರಲ್ಲಿ ನಾಲ್ವರ ಬೆನ್ನೂ ಬೆವರಿನಿಂದ ಒದ್ದೆಯಾಗಿತ್ತು. ವ್ಯಾನು ಚಿನ್ನದಂಗಡಿ ದಾಟಿ ನಿಂತಿತ್ತು. ಅಂಗಡಿ ತೆರೆದಿತ್ತು. ಒಳಗೆ ದೀಪ ಉರಿಯುತ್ತಿತ್ತು. ಬರೆಯುವವನಿಲ್ಲದ ಬೋರ್ಡು ಬಿಸಿಲಿಗೆ ಮುಖ ಮಾಡಿ ಬಾಗಿಲ ಪಕ್ಕದಲ್ಲೇ ಇತ್ತು. ದುಂಡಗಿನ ಎರಡು ಅಂಕಿ. ಅವುಗಳ ಪಕ್ಕದಿಂದ ಕೆಳಗಿನ ಕಟ್ಟಿನ ತನಕ ಒಂದು ಉದ್ದ ಗೆರೆ.

ಪೆಟ್ಟಿಗೆಯ ನಡಿಗೆ ನಿಧಾನವಾಯಿತು.

"ಪೂರ್ತಿ ತಳಕ್ಕೇ ಹೋಗಿದೆ ನೋಡು" ಎಂದ ಎದುರು ಮನೆಯಾತ, ಹೆಗಲ ಭಾರದಲ್ಲೇ.

"ಕೊನೇಲಿ ಸ್ವಲ್ಪ ಮೇಲಕ್ಕೆ ಕೊಂಕಿದೆ ಅಲ್ವಾ?" ಎಂದ ಮೈದುನ.

ಆ ಕೊಂಕು ನೋಡಲು ನಾಲ್ಕು ಕುತ್ತಿಗೆಗಳೂ ಒಂದೇ ಕಡೆ ಹೊರಳಿದವು. ಪೆಟ್ಟಿಗೆ ಅಂಗಡಿಯ ಕಡೆ ವಾಲಿತು. ಒಳಗೆ ಏನೋ ಜಾರಿ ಮರಕ್ಕೆ ತಾಗಿದ ಸದ್ದಾಯಿತು.

ಅವಳು ಓಡಿದಳು. ಮುಷ್ಟಿಯಲ್ಲಿದ್ದ ಒದ್ದೆ ಬಟ್ಟೆಯಿಂದಲೇ ಬೋರ್ಡಿಗೆ ಬಾರಿಸಿದಳು, ತಿಕ್ಕಿದಳು. ಅಂಕಿ ಹೋಯಿತು. ಗೆರೆ ಹೋಯಿತು. ಗಂಡ ಕೊನೆಯದಾಗಿ ಬರೆದದ್ದು ಎಂಬ ನೆನಪೂ ಕೈ ತಡೆಯಲಿಲ್ಲ. ಬೋರ್ಡು ಕಪ್ಪಗೆ ಥಳಥಳಿಸಿತು.

"ನೋಡಿ ಈಗ!" ಎಂದು ತಿರುಗಿದಳು. "ಏನು ಕಾಣುತ್ತೆ? ಹೇಳಿ, ಏನು ಕಾಣುತ್ತೆ?"

ಯಾರೂ ಹೆಜ್ಜೆ ಕಿತ್ತಿಡಲಿಲ್ಲ. ಅವರು ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ಹಿಂದಿನದನ್ನು. ಬಿಸಿಲು ನೇರ ಬೀಳುತ್ತಿತ್ತು. ಬೋರ್ಡು ಅಂಚಿನಿಂದ ಒಣಗುತ್ತ ಬಂತು. ಮೊದಲು ಅಂಕಿಗಳು ಮಂಜಿನಂತೆ ಮೂಡಿದವು. ಆಮೇಲೆ ಅವುಗಳ ಪಕ್ಕದಿಂದ ಗೆರೆ ಬೆಳ್ಳಗೆ, ನಿಧಾನವಾಗಿ, ಒಣಗಿದಷ್ಟೇ ಕೆಳಗೆ ಕೆಳಗೆ ಇಳಿಯತೊಡಗಿತು. ಎಲ್ಲಿಯವರೆಗೆ ಇಳಿಯುತ್ತದೋ ಎಂದು ನಾಲ್ವರೂ ಪೆಟ್ಟಿಗೆ ಹೊತ್ತುಕೊಂಡೇ ಕಾಯುತ್ತ ನಿಂತರು.