ಹನ್ನೊಂದು ಮೂಲೆಗಳು

ಹರಿಹರದಲ್ಲಿ ಬಸ್ಸಿಳಿಯುವಷ್ಟರಲ್ಲಿ ಕೊಟ್ಟೂರೇಶ್ ಅಂಗಿಯ ಜೇಬನ್ನು ಮೂರು ಸಲ ಮುಟ್ಟಿ ನೋಡಿಕೊಂಡಿದ್ದ. ಮಡಿಸಿದ ಕಾಗದ ಅಲ್ಲೇ ಇತ್ತು. ಬೆಳಿಗ್ಗೆ ನಿಟ್ಟುವಳ್ಳಿಯ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಸರ್ಕಾರಿ ಸುತ್ತೋಲೆ. ದೂರದ ಮರುಭೂಮಿಯ ಮೇಲೆ ಸೇನೆ ತನಗೆಂದು ಕಾಯ್ದಿರಿಸಿಕೊಂಡ ಆಕಾಶದ ಒಂದು ತುಂಡಿಗೆ ಇನ್ನು 'ಕೊಂಡಜ್ಜಿ' ಎಂಬ ಹೆಸರಿಲ್ಲ. ಬದಲಿಗೆ ಆ ಮರುಭೂಮಿಯದೇ ಒಂದು ಊರಿನ ಹೆಸರು ಇಟ್ಟಿದ್ದಾರೆ.

ಇಪ್ಪತ್ತೆರಡು ವರ್ಷಗಳ ಹಿಂದೆ ವಾಯುಸೇನೆಯ ನಕ್ಷೆ ವಿಭಾಗದಲ್ಲಿ ಅವನೂ ವಾಮದೇವಪ್ಪನೂ ಅಕ್ಕಪಕ್ಕದ ಮೇಜಿನವರು. ಆ ತುಂಡಿನ ಹನ್ನೊಂದು ಮೂಲೆಗಳನ್ನು ಕೊಟ್ಟೂರೇಶ್ ಮೂರು ವಾರ ಕೂತು, ಅಕ್ಷಾಂಶ ರೇಖಾಂಶಗಳನ್ನು ಸೆಕೆಂಡಿನವರೆಗೆ ತಾಳೆ ನೋಡಿ ಗುರುತಿಸಿದ್ದ. ಕೊನೆಯ ದಿನ ಸಾಹೇಬರು, ಹೆಸರಿನ ಜಾಗ ಖಾಲಿ ಇದೆಯಲ್ಲ ಎಂದಾಗ ವಾಮದೇವಪ್ಪ ಚಹಾ ಹೀರುತ್ತಲೇ ತನ್ನೂರಿನ ಹೆಸರು ಹೇಳಿಬಿಟ್ಟ. ಅಷ್ಟೇ. ನಿವೃತ್ತನಾಗಿ ಬಂದಾಗ ಕೊಂಡಜ್ಜಿಯವರು ಅವನಿಗೆ ಶಾಲು ಹೊದಿಸಿದರು, ಸ್ಕೌಟ್ ಮಕ್ಕಳ ಎದುರು ಭಾಷಣ ಮಾಡಿಸಿದರು. ಚಪ್ಪಾಳೆ ತಟ್ಟಿದವರಲ್ಲಿ ಕೊಟ್ಟೂರೇಶನೂ ಇದ್ದ. ಅಂಗೈ ಉರಿ ಅಂದೇ ಆರಿತು, ಹೊಟ್ಟೆಯದು ಆರಲಿಲ್ಲ.

"ಬರ್ರಿ ಅಣ್ಣಾರೆ, ಕೂಡ್ರಿ," ಹರಿಹರದ ಮನೆಯಲ್ಲಿ ವಾಮದೇವಪ್ಪನ ಹೆಂಡತಿ ದ್ರಾಕ್ಷಾಯಣಮ್ಮ ಕುರ್ಚಿ ಎಳೆದರು. "ನಿಮ್ಮ ಗೆಳೆಯಾರು ಈಗಷ್ಟೆ ನಿದ್ದಿ ಮುಗಿಸಿ ಆಕಾಶದಿಂದ ಇಳಿದಾರ ನೋಡ್ರಿ."

"ಏನಲೇ ಕೊಟ್ಟೂರಿ, ಮುಖ ಅರಳೈತೆ?" ಒಳಗಿಂದ ಬಂದ ವಾಮದೇವಪ್ಪ ನಕ್ಕ. "ಯಾರನ್ನ ಸೋಲಿಸಿ ಬಂದಿ?"

"ನಿಮ್ಮೂರು ಅಳಿಸಿಬಿಟ್ರಪ್ಪ." ಕೊಟ್ಟೂರೇಶ್ ಕಾಗದ ಚಾಚಿದ.

ವಾಮದೇವಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಮುಖ ಸಣ್ಣದಾಯಿತು. ಕೊಟ್ಟೂರೇಶ್ ದಾರಿಯುದ್ದಕ್ಕೂ ಕಾದದ್ದು ಇದಕ್ಕೇ. ಆದರೆ ಆ ಸುಖ ಎರಡು ಗುಟುಕು ಚಹಾದಷ್ಟೂ ಬಾಳಲಿಲ್ಲ.

"ಗೆರಿ ಬದಲಾಗೈತೇನು?"

"ಇಲ್ಲ. ಹೆಸರಷ್ಟೆ. ಗಡಿ ಇದ್ದಂಗೇ ಐತೆ."

"ಹಂಗಾರೆ ನಿಂದು ಉಳೀತಲ್ಲೋ." ವಾಮದೇವಪ್ಪ ಕಾಗದ ಮಡಿಸಿದ. "ಅವತ್ತು ಭಾಷಣದಾಗ ನಿನ್ನ ಹೆಸರು ಹೇಳ್ಬೇಕಿತ್ತು. ಮರೆತೆ." ಸ್ವಲ್ಪ ತಡೆದು, "ಮರೆತಿದ್ದಲ್ಲ. ಹೇಳ್ಲಿಲ್ಲ," ಎಂದ.



ಗೋಡೆಯ ಮೇಲೆ ಕಟ್ಟು ಹಾಕಿಸಿದ, ಆ ಆಕಾಶದ ತುಂಡಿನ ಹಳೆಯ ನಕ್ಷೆ. ವಾಮದೇವಪ್ಪ ಎದ್ದು ಹೋಗಿ ಗಾಜಿನ ಧೂಳಿನ ಮೇಲೆ ಬೆರಳಿಟ್ಟ. ಹೆಸರನ್ನು ಬಿಟ್ಟು, ಗೆರೆ ಹಿಡಿದು ನಿಧಾನವಾಗಿ ಸುತ್ತತೊಡಗಿದ. ಆರನೆಯ ಮೂಲೆಯಿಂದ ಏಳಕ್ಕೆ ಹೋಗದೆ ಬೆರಳು ನೇರ ಎಂಟಕ್ಕೆ ಹಾಯಿತು.

ಕೊಟ್ಟೂರೇಶ್ ಎದ್ದ. ಗೆಳೆಯನ ಬೆರಳು ಹಿಡಿದು, ಹಿಂದಕ್ಕೆ, ಏಳಕ್ಕೆ ತಂದು ನಿಲ್ಲಿಸಿದ.