ಮಹಾಲಕ್ಷ್ಮಮ್ಮನ ಉತ್ತರ

"ಲೇ ಮುಂಡೆ, ನಿಂಗೆ ಏಳಿ ಕಳಿಸಿದ್ದೇನು, ನೀನು ಬರ್ಕ ಬಂದಿರದೇನು?" ಮಲ್ಲಿಕಾರ್ಜುನಸ್ವಾಮಿ ಟ್ಯಾಬನ್ನು ಮೇಜಿನ ಮೇಲೆ ಕುಕ್ಕಿದ. "ನಲವತ್ತು ಜನದಲ್ಲಿ ಇಪ್ಪತ್ತಾರು ಜನಕ್ಕೆ ನೋವು ಕಮ್ಮಿ ಆಗ್ನಿಲ್ವಾ? ಆರು ಜನಕ್ಕೆ ಕಾಲು ಊದ್ಕತಾ? ಕಂಪನಿಯೋರು ಇದ ನೋಡಿದ್ರೆ ನನ್ನ ಬಾಯಿಗೆ ಮಣ್ಣಾಕ್ತರೆ."

ಯಶೋದ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ನಿಂತಿದ್ದಳು. ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಆ ಮಹಡಿ ಕೋಣೆಯಲ್ಲಿ ಮೂರು ಕುರ್ಚಿ ಖಾಲಿ ಇದ್ದವು. ಕೂರು ಅಂತ ಯಾರೂ ಹೇಳಿರಲಿಲ್ಲ.

"ಅವ್ರು ಏಳಿದ್ದನ್ನೇ ಒತ್ತಿವ್ನಿ ಸಾ. ನಾಕು ದಿನ ಬಾಗ್ಲುಬಾಗ್ಲಿಗೂ ಓಗಿದ್ದೆ."

"ನಿಮ್ಮ ಕೇರಿಯೋರಿಗೆ ಪುಕ್ಕಟೆ ಕೊಟ್ರೂ ಕೊಂಕೇ."

ಯಾವುದೋ ಕಂಪನಿ ಮಂಡಿನೋವಿನ ಪುಡಿಯೊಂದನ್ನು ಅಂಗಡಿಗಳಿಗೆ ಬಿಡುವ ಮುಂಚೆ, ಜನ ಏನನ್ನುತ್ತಾರೆ ಎಂದು ತಿಳಿಯಲು ರಾಮಾಪುರದ ಕೇರಿಯ ಹೆಂಗಸರಿಗೆ ಒಂದು ತಿಂಗಳ ಪೊಟ್ಟಣ ಹಂಚಿಸಿತ್ತು. ಸರ್ವೆಯ ಗುತ್ತಿಗೆ ಹಿಡಿದಿದ್ದವನು ಮಲ್ಲಿಕಾರ್ಜುನಸ್ವಾಮಿ. ಹಂಚಿದವಳು, ಮೂರು ವಾರ ಕಳೆದ ಮೇಲೆ ಮನೆಮನೆಗೆ ಹೋಗಿ ಕೇಳಿದವಳು, ಅದೇ ಕೇರಿಯ ಯಶೋದ. ದಿನವೆಲ್ಲ ಬಗ್ಗಿ ಈರುಳ್ಳಿ ಕಿತ್ತು, ಅರಿಸಿನ ಅಗೆದು ಮಂಡಿ ಸವೆಸಿಕೊಂಡ ಹೆಂಗಸರು ಅವಳ ಮುಖ ನೋಡಿ ಆ ಪುಡಿ ಕುಡಿದಿದ್ದರು. ಎಲ್ಲರಿಗಿಂತ ಮೊದಲು ಕುಡಿದವಳು ಅವಳ ಅವ್ವ, ಮಹಾಲಕ್ಷ್ಮಮ್ಮ. 'ನನ್ ಮಗಳು ತಂದಿರದು' ಅಂತ ಅಕ್ಕಪಕ್ಕದವರಿಗೂ ಹೇಳಿ ಕುಡಿಸಿದ್ದಳು.

ಮಲ್ಲಿಕಾರ್ಜುನಸ್ವಾಮಿ ಟ್ಯಾಬಿನಲ್ಲಿ ಒಂದೊಂದೇ ಹೆಸರು ತೆಗೆದು 'ತುಂಬಾ ತೃಪ್ತಿ' ಅಂತ ಒತ್ತುತ್ತಾ ಹೋದ. ಹೆಂಗಸರ ಫೋನ್ ನಂಬರುಗಳನ್ನು ಅಳಿಸಿ, ಡ್ರಾಯರಿನಲ್ಲಿದ್ದ ತನ್ನ ಸಿಮ್ಮುಗಳ ನಂಬರು ತುಂಬಿದ. ಎಂಟನೆಯ ಹೆಸರು ಬಂದಾಗ ಯಶೋದ ತಡೆಯಲಾರದೆ ಮುಂದೆ ಬಂದಳು.

"ಅದು ನಮ್ಮವ್ವ ಸಾ. ಪಾದ ಊದ್ಕಂಡು ಚಪ್ಲಿ ಏರ್ತಾ ಇಲ್ಲ."

"ನಿಮ್ಮವ್ವ ಆದ್ರೇನು, ನಮ್ಮವ್ವ ಆದ್ರೇನು? ನೂರಕ್ಕೆ ತೊಂಬತ್ತು ಜನ ಚೆಂದಾಗದೆ ಅನ್ಬೇಕು ಅಂತ ಮೇಲಿಂದ ಬಂದದೆ. ನಡಿ ಆಚ್ಗೆ."

ಅವನು ಒತ್ತಿದ.

ಊರಿಗೆ ಬಂದವಳೇ ಯಶೋದ ಮನೆಮನೆಗೆ ಹೋಗಿ ಪುಡಿ ಬಿಸಾಡಿ ಅಂದಳು. ಅವ್ವನಿಗೂ ಅಂದಳು. ಅವ್ವ ಹೂಂಗುಟ್ಟಿ, ಉಳಿದ ಪೊಟ್ಟಣಗಳನ್ನು ರಾಗಿ ಮಡಕೆಯೊಳಗೆ ಹುದುಗಿಸಿಟ್ಟು, ಮಗಳಿಲ್ಲದ ಹೊತ್ತಿಗೆ ಕಲಸಿ ಕುಡಿದಳು. ಉಚ್ಚೆ ಕಟ್ಟಿ, ಮುಖ ಊದಿ ಕಣ್ಣು ಮುಚ್ಚಿಹೋದ ಮೇಲೆಯೇ ಆ ಸಂಗತಿ ಗೊತ್ತಾದದ್ದು.

"ಯಾಕವ್ವಾ ಇಂಗೆ ಮಾಡ್ಕಂಡೆ?"

"ತಿಂಗ್ಳು ಪೂರಾ ಕುಡೀಬೇಕು ಅಂತ ನೀನೇ ಅಂದಿದ್ದೆಲ್ಲ ಕೂಸೇ. ಅರ್ಧಕ್ಕೇ ಬುಟ್ರೆ ನಿನ್ ಕೆಲ್ಸಕ್ಕೆ ಕುಂದು ಬಂದಾತು ಅಂತ..."

ಆಸ್ಪತ್ರೆಯ ಡಾಕ್ಟರು ಪೊಟ್ಟಣವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಳಗೆ ಏನಿದೆ ಎಂದು ಎಲ್ಲೂ ಬರೆದಿರಲಿಲ್ಲ. ಮೈಸೂರಿಗೆ ಒಯ್ಯುವಾಗ, ನರಸೀಪುರ ದಾಟುವ ಮೊದಲೇ, ಮಹಾಲಕ್ಷ್ಮಮ್ಮನ ಕೈ ಮಗಳ ಕೈಯೊಳಗೇ ತಣ್ಣಗಾಯಿತು.

ಹನ್ನೊಂದರ ಕಾರ್ಯ ಮುಗಿದ ಮಾರನೆಯ ದಿನ ಮಲ್ಲಿಕಾರ್ಜುನಸ್ವಾಮಿ ಹೇಳಿಕಳಿಸಿದ. ಕೇರಿಯಲ್ಲಿ ಇನ್ನೂ ಐದು ಜನ ಕಾಲು ಊದಿಸಿಕೊಂಡು ಮಲಗಿದ್ದರು. ಅವರನ್ನಾದರೂ ಕಂಪನಿಯವರು ದೊಡ್ಡಾಸ್ಪತ್ರೆಗೆ ಸೇರಿಸಲಿ ಎಂದು ಕೇಳಲು ಯಶೋದ ಕೊಳ್ಳೇಗಾಲದ ಬಸ್ಸು ಹತ್ತಿದಳು.

"ಅದ ಆಮೇಲೆ ನೋಡವ, ಮೊದ್ಲು ಕೂತ್ಕ," ಅಂದ ಅವನು. ಅವಳಿಗೆ ಅಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಮೇಜಿನ ತುಂಬ ಸಣ್ಣ ಫೋನುಗಳು. ಪ್ರತಿಯೊಂದರ ಬೆನ್ನಿಗೂ ಒಂದು ಹೆಸರಿನ ಚೀಟಿ. ಸರ್ವೆ ನಿಜವೋ ಸುಳ್ಳೋ ಎಂದು ಕಂಪನಿಯ ಕಡೆಯವರು ಬೆಂಗಳೂರಿಂದ ಫೋನು ಮಾಡಿ ವಿಚಾರಿಸುತ್ತಿದ್ದರು. ಎದುರು ಕೂತಿದ್ದ ಪವಿತ್ರ, ಹನೂರಿನಿಂದ ಬರುವ ಇಪ್ಪತ್ತೆರಡರ ಹುಡುಗಿ, ಮುದುಕಿಯ ದನಿ ತೆಗೆದು "ಈಗ ಓಡಾಡ್ತೀನಿ ಕಣವ್ವ, ಬೋ ಚೆಂದಾಗದೆ" ಅನ್ನುತ್ತಿದ್ದಳು.

ಯಶೋದಳ ಮುಂದಿದ್ದ ಫೋನು ಬಡಿದುಕೊಂಡಿತು. ತಿರುಗಿಸಿದಳು. ಚೀಟಿಯಲ್ಲಿ ಅವ್ವನ ಹೆಸರು.

"ಎತ್ತು. ನಿಮ್ಮವ್ವನ ದನಿ ನಿಂಗಿಂತ ಯಾರಿಗೆ ಚೆಂದಾಗಿ ಬಂದಾತು?" ಅಂದ ಮಲ್ಲಿಕಾರ್ಜುನಸ್ವಾಮಿ.

ಎತ್ತಿದಳು.

"ನಮಸ್ಕಾರ, ಮಹಾಲಕ್ಷ್ಮಮ್ಮ ಅವರಾ ಮಾತಾಡ್ತಿರೋದು?" ಅತ್ತ ಎಳೆಯ ಹೆಣ್ಣುದನಿ.

"ಅಲ್ಲ. ಅವಳ ಮಗಳು ಯಶೋದ. ನಮ್ಮವ್ವ ನಿಮ್ಮ ಪುಡಿ ಕುಡ್ದು ಸತ್ತೋದ್ಲು."

"ಲೇ, ಮಡುಗ್ಲೇ ಕೆಳಕ್ಕೆ!" ಅವನು ಮೇಜು ಬಳಸಿಕೊಂಡು ನುಗ್ಗಿದ. ಯಶೋದ ಗೋಡೆಗೆ ಒತ್ತಿಕೊಂಡು ನಿಂತಳು. ಪವಿತ್ರ ಎದ್ದು ತನ್ನ ಕುರ್ಚಿಯನ್ನು ದಾರಿಗೆ ಅಡ್ಡ ಎಳೆದು, ತಾನೂ ಅಡ್ಡ ನಿಂತಳು.

"ಇನ್ನೂ ಐದು ಜನ ಮಲ್ಗವ್ರೆ," ಅಂದಳು ಯಶೋದ. "ಎಸ್ರು ಏಳ್ತೀನಿ, ಬರ್ಕಳಿ."

ಅತ್ತ ಹುಡುಗಿ ಕಂಪ್ಯೂಟರಿನಲ್ಲಿ ಉತ್ತರ ಒತ್ತುತ್ತಿದ್ದ ಸದ್ದು ನಿಂತಿತು.

"ಮೇಡಂ... ನನಗಿಲ್ಲಿ ನಾಲ್ಕೇ ಉತ್ತರ ಬರೋದು. ತೀರ್ಕೊಂಡ್ರು ಅಂತ ಇಲ್ಲ. 'ಈಗ ಬಳಸುತ್ತಿಲ್ಲ' ಅಂತ ಹಾಕ್ಲಾ?"

"ಏನೂ ಆಕ್ಬೇಡ ಕಣವ್ವ. ಕೇಳಿಸ್ಕ," ಅಂದಳು ಯಶೋದ. "ಪುಟ್ಟಸಿದ್ದಮ್ಮ. ರಾಮಾಪುರ."